ಗುಟ್ಟು ಬಯಲಾದಷ್ಟೂ ಬದುಕಿದ ಕಸುಬು

(ವಿಶ್ವ ಛಾಯಾಗ್ರಹಣ ದಿನದಂದು ಶಿವಮೊಗ್ಗದಲ್ಲಿ ಸೇರಿದ್ದ ಸ್ಟುಡಿಯೋದವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಹೊಸನಗರ, ತೀರ್ಥಹಳ್ಳಿ, ಸೊರಬದಿಂದೆಲ್ಲ ಬಂದಿದ್ದೀರಿ. ಶ್ರಾವಣದಲ್ಲಿ ಫೋಟೋಗ್ರಾಫರ್ ಸಭೆಗೆ ಬಂದಿದ್ದಾನೆ ಅಂದರೆ ಒಂದೋ ಇವತ್ತು ಮುಹೂರ್ತ ಇಲ್ಲ, ಇಲ್ಲವೇ ಆರ್ಡರ್ ಇಲ್ಲ. ಎರಡನೆಯದಾದರೆ ಈ ಮಾತು ನಿಮಗಾಗಿಯೇ.

ಆಗಸ್ಟ್ 19ರಂದು ನಾವು ಕೇಕ್ ಕತ್ತರಿಸುತ್ತೇವೆ. ಫೋಟೋಗ್ರಫಿ ಹುಟ್ಟಿದ ದಿನ ಅನ್ನುತ್ತೇವೆ. ಆದರೆ ಅದು ಹುಟ್ಟಿ ಆಗಲೇ ಹತ್ತು ಹನ್ನೆರಡು ವರ್ಷ ಕಳೆದಿತ್ತು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಅನ್ನುವವರು 1826–27ರ ಹೊತ್ತಿಗೇ ತಮ್ಮ ಮನೆ ಕಿಟಕಿಯಿಂದ ಕಾಣುವ ಮಾಡು, ಗೋಡೆಗಳನ್ನು ಒಂದು ಲೋಹದ ತಟ್ಟೆಯ ಮೇಲೆ ಹಿಡಿದಿದ್ದರು. ತಟ್ಟೆಗೆ ಬಳಿದದ್ದು ಡಾಂಬರಿನ ಜಾತಿಯ ಲೇಪ. ಬೆಳಕು ಬೀಳಲು ಕನಿಷ್ಠ ಎಂಟು ಗಂಟೆ ಬೇಕಾಯಿತು ಅನ್ನುತ್ತಾರೆ. ಹಾಗಾಗಿ ಆ ಚಿತ್ರದಲ್ಲಿ ಎರಡೂ ಕಡೆಯ ಗೋಡೆಗೆ ಬಿಸಿಲು ಬಿದ್ದಿದೆ. ಮುಂದೆ ಲೂಯಿ ಡಾಗೆರ್ ಅವರ ಜೊತೆ ಪಾಲುದಾರರಾದರು. 1833ರಲ್ಲಿ ನಿಯೆಪ್ಸ್ ತೀರಿಕೊಂಡರು. ಡಾಗೆರ್ ಕೆಲಸ ಮುಂದುವರಿಸಿ, ಬೆಳ್ಳಿ ಹೊದಿಸಿದ ತಾಮ್ರದ ತಗಡಿನ ಮೇಲೆ ನಿಮಿಷಗಳಲ್ಲಿ ಚಿತ್ರ ಮೂಡಿಸುವ ದಾರಿ ಕಂಡುಕೊಂಡರು.

1839ರ ಆಗಸ್ಟ್ 19ರಂದು ನಡೆದದ್ದು ಇಷ್ಟು: ಫ್ರಾನ್ಸ್ ಸರ್ಕಾರ ಆ ಗುಟ್ಟನ್ನು ಕೊಂಡುಕೊಂಡು ಎಲ್ಲರ ಮುಂದೆ ಬಿಚ್ಚಿಟ್ಟಿತು. ಬದಲಿಗೆ ಡಾಗೆರ್‌ಗೆ ವರ್ಷಕ್ಕೆ 6,000 ಫ್ರಾಂಕ್, ನಿಯೆಪ್ಸ್ ಅವರ ಮಗನಿಗೆ 4,000 ಫ್ರಾಂಕ್ ಪಿಂಚಣಿ. ಜಗತ್ತಿಗೆಲ್ಲ ಉಚಿತ ಅಂದರು. ಆದರೆ ಐದು ದಿನ ಮೊದಲೇ ಡಾಗೆರ್ ಕಡೆಯವರು ಇಂಗ್ಲೆಂಡಿನಲ್ಲಿ ಸದ್ದಿಲ್ಲದೆ ಪೇಟೆಂಟ್ ಮಾಡಿಸಿಕೊಂಡಿದ್ದರು! ನಮ್ಮ ಕಸುಬಿನ ಮೊದಲ ದಿನವೇ ವ್ಯಾಪಾರ ಬುದ್ಧಿ ಇತ್ತು, ನೋಡಿ.

ಇವತ್ತು ನನಗೆ ಹೇಳಬೇಕೆನಿಸಿದ್ದು ಈ ಗುಟ್ಟಿನ ವಿಷಯವೇ. ಫೋಟೋಗ್ರಾಫರನ ಅನ್ನ ಯಾವತ್ತೂ ಒಂದು ಗುಟ್ಟಿನ ಮೇಲೆ ನಿಂತಿತ್ತು. ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಯಾರೋ ಆ ಗುಟ್ಟನ್ನು ಬಯಲು ಮಾಡುತ್ತಾರೆ. ಆಗ ಎಲ್ಲರೂ ಕಸುಬು ಸತ್ತಿತು ಅನ್ನುತ್ತಾರೆ. ಅದು ಸಾಯುವುದಿಲ್ಲ, ಇನ್ನೊಂದು ಕಡೆ ಅಂಗಡಿ ತೆರೆಯುತ್ತದೆ. ಆದರೆ ಹಳೆಯ ಅಂಗಡಿಯವನೇ ಅಲ್ಲಿರುತ್ತಾನೆ ಅಂತ ಭರವಸೆ ಇಲ್ಲ.

ಇಂಗ್ಲೆಂಡಿನಲ್ಲಿ ಟಾಲ್ಬಟ್ ಅನ್ನುವವರು ಕಾಗದದ ನೆಗೆಟಿವ್ ಮಾಡಿ 1841ರಲ್ಲಿ ಪೇಟೆಂಟ್ ಪಡೆದರು. ಡಾಗೆರ್ ತಗಡಿನಿಂದ ಒಂದೇ ಪ್ರತಿ. ಟಾಲ್ಬಟ್ ದಾರಿಯಲ್ಲಿ ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರಿಂಟು. ನಮ್ಮ ಇಡೀ ವ್ಯಾಪಾರ ನಿಂತದ್ದು ಈ ಎರಡನೆಯದರ ಮೇಲೆ. 'ಇನ್ನೆರಡು ಕಾಪಿ ಹಾಕಿ ಸ್ವಾಮಿ' ಅನ್ನುವ ಗಿರಾಕಿಯನ್ನು ಹುಟ್ಟಿಸಿದವರು ಟಾಲ್ಬಟ್. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ತಟ್ಟೆಗೆ ಕೊಲೋಡಿಯನ್ ಅನ್ನುವ ಅಂಟು ದ್ರಾವಣ ಬಳಿಯುವ ವಿಧಾನ ಕೊಟ್ಟರು. ಚಿತ್ರ ಚೂಪು, ಖರ್ಚು ಕಡಿಮೆ. ಪೇಟೆಂಟ್ ಮಾಡಿಸಲಿಲ್ಲ, ಸುಮ್ನೆ ಪ್ರಕಟಿಸಿಬಿಟ್ಟರು. ಯುರೋಪಿನಲ್ಲಿ ಸಾವಿರಾರು ಜನ ಅದರಿಂದ ಸ್ಟುಡಿಯೋ ಇಟ್ಟು ದುಡಿದರು. ಆರ್ಚರ್ 1857ರಲ್ಲಿ ಬಡವರಾಗಿಯೇ ತೀರಿಹೋದರು.

ಆ ಕೊಲೋಡಿಯನ್ ಕೆಲಸ ಹೇಗಿತ್ತು ಗೊತ್ತಾ? ತಟ್ಟೆಗೆ ಲೇಪ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಹಸಿ ಇರುವಾಗಲೇ ಡೆವಲಪ್ ಮಾಡಬೇಕು. ಸುಮಾರು ಹತ್ತು ಹದಿನೈದು ನಿಮಿಷದೊಳಗೆ ಎಲ್ಲ ಮುಗಿಯಬೇಕು. ನಮ್ಮ ಸೆಕೆಯಲ್ಲಿ ಇನ್ನೂ ಬೇಗ. ಹಾಗಾಗಿ ಡಾರ್ಕ್ ರೂಮನ್ನೇ ಹೊತ್ತುಕೊಂಡು ಹೋಗಬೇಕು. 1863ರಲ್ಲಿ ಇಂಗ್ಲಿಷ್ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ ಹಿಮಾಲಯಕ್ಕೆ ಹೊರಟಾಗ ಗಾಜು, ರಾಸಾಯನಿಕ, ಡೇರೆ ಹೊರಲು ಸುಮಾರು 30 ಹಮಾಲಿಗಳಿದ್ದರು. ಇವತ್ತು ನಮ್ಮ ಹುಡುಗರು ಲೈಟ್ ಸ್ಟ್ಯಾಂಡ್ ಹೊರಲು ಅಸಿಸ್ಟೆಂಟ್ ಇಲ್ಲ ಅಂತ ಗೊಣಗುತ್ತಾರೆ.

ನಮ್ಮ ಸೀಮೆಗೆ ಕ್ಯಾಮೆರಾ ಬಂದದ್ದು ಹೇಗೆ? ಸ್ಟುಡಿಯೋ ಬೋರ್ಡು ಹಾಕಿಕೊಂಡು ಬರಲಿಲ್ಲ. ಸರ್ಕಾರಿ ಸಂಬಳ ತೆಗೆದುಕೊಂಡು ಬಂತು. 1854ರ ಕೊನೆಯಲ್ಲಿ ಮದ್ರಾಸು ಸೇನೆಯ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದರು. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಅವಕ್ಕೆ ಪದಕ ಬಂತು. ಆಮೇಲೆ ಪಿಗೋ, ನೀಲ್ ಅನ್ನುವ ಇಬ್ಬರು ವೈದ್ಯರು, ಬಿಗ್ಸ್ ಅನ್ನುವ ಸೇನಾಧಿಕಾರಿ. ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳನ್ನು ಇವರು ತೆಗೆದ ಚಿತ್ರಗಳು 1866ರಲ್ಲಿ ಪುಸ್ತಕವಾದವು. ಡಾಕ್ಟರು, ಸೈನಿಕರೇ ಯಾಕೆ ಅಂದರೆ, ರಾಸಾಯನಿಕದ ಅಳತೆ ಗೊತ್ತಿದ್ದವರು ಅವರು. ಸಾಮಾನು ಸಾಗಿಸುವ ಅಧಿಕಾರ ಇದ್ದದ್ದೂ ಅವರಿಗೇ.

ನಮ್ಮ ಜಿಲ್ಲೆಯ ಮಟ್ಟಿಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಮೇಜರ್ ಡಿಕ್ಸನ್ ಕೆಲಸ. 1865ರಲ್ಲಿ ಮೈಸೂರು ಸರ್ಕಾರಕ್ಕಾಗಿ ಅವರು ಶಾಸನಗಳ ಫೋಟೋ ತೆಗೆದರು, ಸುಮಾರು 150. ಚಿತ್ರದುರ್ಗ, ಹರಿಹರದ ಜೊತೆ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳೂ ಅದರಲ್ಲಿದ್ದವು. ಆ ಫೋಟೋಗಳನ್ನು ಮುಂದಿಟ್ಟುಕೊಂಡು ಬಿ.ಎಲ್. ರೈಸ್ ಓದಿ, ಅನುವಾದ ಮಾಡಿ 1879ರಲ್ಲಿ ಪ್ರಕಟಿಸಿದರು. ಸ್ವಲ್ಪ ಯೋಚಿಸಿ. ಬಳ್ಳಿಗಾವಿಯ ಕಲ್ಲು ಅಲ್ಲೇ ಇದೆ. ಅದರ ಅಕ್ಷರ ಮಾತ್ರ ಬೆಂಗಳೂರಿನ ಮೇಜಿಗೆ ಹೋಗಿ ಕುಳಿತಿದೆ. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಅನುಕೂಲ! ಶಾಸನದ ಫೋಟೋ ತೆಗೆಯುವುದು ಸುಲಭವೂ ಅಲ್ಲ. ನೇರ ಬೆಳಕಿಗೆ ಅಕ್ಷರ ಕಾಣುವುದಿಲ್ಲ, ಓರೆ ಬೆಳಕು ಬೇಕು. ನಿಮ್ಮಲ್ಲಿ ಯಾರಾದರೂ ವೀರಗಲ್ಲಿನ ಫೋಟೋ ತೆಗೆಯಲು ಹೋಗಿದ್ದರೆ ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಹನ್ನೆರಡಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಿರುತ್ತದೆ. ಡಿಕ್ಸನ್‌ಗೆ ಎಲ್‌ಇಡಿ ಪ್ಯಾನೆಲ್ ಇರಲಿಲ್ಲ.

ಇದೆಲ್ಲ ನೌಕರಿ. ಕಸುಬು ಆದದ್ದು ಮುಖ ಮಾರಲು ಶುರು ಮಾಡಿದ ಮೇಲೆ. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೆರಿ ಒಂದು ಉಪಾಯ ಹೂಡಿದರು. ಒಂದೇ ಗಾಜಿನ ತಟ್ಟೆಯ ಮೇಲೆ ಎಂಟು ಸಣ್ಣ ಚಿತ್ರ ತೆಗೆದು, ಕತ್ತರಿಸಿ, ರಟ್ಟಿಗೆ ಅಂಟಿಸಿ ಕೊಡುವುದು. ವಿಸಿಟಿಂಗ್ ಕಾರ್ಡಿನಷ್ಟು ಅಳತೆ. ದರ ಒಮ್ಮೆಲೇ ಇಳಿಯಿತು. ರಾಜ ರಾಣಿಯರ ಕಾರ್ಡುಗಳನ್ನು ಜನ ಕೊಂಡು ಆಲ್ಬಮ್‌ನಲ್ಲಿ ಇಟ್ಟುಕೊಂಡರು. ನಮ್ಮ ಎಂಟು ಪಾಸ್‌ಪೋರ್ಟ್ ಫೋಟೋದ ಶೀಟು ಇದೆಯಲ್ಲ, ಅದರ ಮುತ್ತಜ್ಜ ಇದೇ. ಡಿಸ್ಡೆರಿ ಬಹಳ ಗಳಿಸಿದರು, ಬಹಳ ಖರ್ಚು ಮಾಡಿದರು, 1889ರಲ್ಲಿ ಕೈ ಖಾಲಿಯಾಗಿ ಸತ್ತರು. ಅದೇ ಉಪಾಯವನ್ನು ಊರಿಗೊಬ್ಬರು ಅವರಿಗಿಂತ ಕಡಿಮೆ ದರಕ್ಕೆ ಮಾಡತೊಡಗಿದ್ದರು. ಈ ಕಥೆ ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

ನಮ್ಮ ದೇಶದಲ್ಲಿ ಈ ವ್ಯಾಪಾರವನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಲಾಲಾ ದೀನ್ ದಯಾಳ್. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದವರು. ಮುಂದೆ ಹೈದರಾಬಾದ್ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾದರು. ಸಿಕಂದರಾಬಾದ್, ಬೊಂಬಾಯಿಗಳಲ್ಲಿ ಸ್ಟುಡಿಯೋ ತೆರೆದರು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯೊಳಗಿನ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ಮಾಡಿ ಅದನ್ನು ನಡೆಸಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ಇಟ್ಟರು. ಗಿರಾಕಿ ಯಾಕೆ ಬರುತ್ತಿಲ್ಲ ಅಂತ ಕೇಳಿಕೊಂಡು, ಕಾರಣವನ್ನೇ ತೆಗೆದುಹಾಕಿದ ಮನುಷ್ಯ.

1871ರಲ್ಲಿ ಮ್ಯಾಡಕ್ಸ್ ಅನ್ನುವ ಇಂಗ್ಲಿಷ್ ವೈದ್ಯರು ಜಿಲೆಟಿನ್ ಬಳಿದ ಒಣ ತಟ್ಟೆಯ ದಾರಿ ತೋರಿಸಿದರು. ಡೇರೆ, ಹಮಾಲಿ ಎಲ್ಲ ಹೋಯಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ತಂದರು. 25 ಡಾಲರ್, ಒಳಗೆ 100 ಚಿತ್ರದ ರೀಲು. ಮುಗಿದ ಮೇಲೆ ಕ್ಯಾಮೆರಾ ಸಮೇತ ಕಂಪನಿಗೆ ಕಳಿಸಿದರೆ ಅವರೇ ತೊಳೆದು, ಪ್ರಿಂಟು ಹಾಕಿ, ಹೊಸ ರೀಲು ತುಂಬಿ ವಾಪಸು ಕಳಿಸುತ್ತಿದ್ದರು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ನಿಜವಾದ ದುಡ್ಡು ಮಾಡಿದವರು ಇವರು. ಆರ್ಚರ್, ಡಿಸ್ಡೆರಿ, ನಾವು ನೀವು ಯಾರೂ ಅಲ್ಲ. ಕ್ಯಾಮೆರಾ ಹಿಡಿದವನಿಗಿಂತ ರೀಲು, ಪೇಪರ್ ಮಾರಿದವನಿಗೆ ಲಾಭ. ಈಗ ಮೆಮೊರಿ ಕಾರ್ಡು, ಲೆನ್ಸು, ಸಾಫ್ಟ್‌ವೇರ್ ಬಾಡಿಗೆ. ನಿಮ್ಮ ಕಳೆದ ವರ್ಷದ ಲೆಕ್ಕ ತೆಗೆದು ನೋಡಿ, ಯಾರಿಗೆ ದುಡಿದಿದ್ದೀರಿ ಅಂತ ತಿಳಿಯುತ್ತದೆ.

ಈಗ ನಮ್ಮ ಸ್ಟುಡಿಯೋ ಕಾಲಕ್ಕೆ ಬರೋಣ. ನಾನು ಕೆಲಸ ಕಲಿತದ್ದು ತೀರ್ಥಹಳ್ಳಿಯಲ್ಲಿ, ಹಂಚಿನ ಮಾಡಿನ ಒಂದು ಸ್ಟುಡಿಯೋದಲ್ಲಿ. ಮಾಡಿನ ಬಡಗಣ ಮಗ್ಗುಲಿಗೆ ಸಾಲಾಗಿ ಗಾಜಿನ ಹಂಚು. ಉತ್ತರದ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲ, ನೆರಳು ಮೆತ್ತಗಿರುತ್ತದೆ. ಹಿಂದೆ ಅರಮನೆ ಮೆಟ್ಟಿಲು, ಹಂಸದ ಕೊಳ ಬರೆದ ಪರದೆ. ಹೊರಗೆ ಬಾಗಿಲು ತೆಗೆದರೆ ತುಂಗಾ ನದಿ, ಹಸಿರು ಗುಡ್ಡ. ಆದರೆ ಗಿರಾಕಿಗೆ ಬೇಕಾದದ್ದು ಪರದೆಯ ಕೊಳ! ಅವರನ್ನು ನೋಡಿ ನಗಬೇಡಿ. ದಿನಾ ಕಾಣುವ ಗುಡ್ಡದ ಮುಂದೆ ನಿಲ್ಲಲು ಯಾರು ದುಡ್ಡು ಕೊಡುತ್ತಾರೆ? ಈಗ ಬೆಂಗಳೂರಿನವರು ಅದೇ ಗುಡ್ಡಕ್ಕೆ ದುಡ್ಡು ಕೊಡುತ್ತಿದ್ದಾರೆ.

ಮಳೆಗಾಲದಲ್ಲಿ ಆ ಗಾಜಿನ ಹಂಚಿಗೆ ಪಾಚಿ ಕಟ್ಟುತ್ತಿತ್ತು. ಆರಿದ್ರಾ ಮಳೆ ಹಿಡಿದರೆ ಮಧ್ಯಾಹ್ನವೂ ಕತ್ತಲೆ. ಲೆನ್ಸಿನ ಮುಚ್ಚಳ ತೆಗೆದು ಒಂದು, ಎರಡು, ಮೂರು ಎಣಿಸಿ ಮುಚ್ಚಬೇಕು. ಮಕ್ಕಳು ಅಷ್ಟರಲ್ಲಿ ಅಲುಗಾಡಿಬಿಡುತ್ತಿದ್ದರು. ನೆಗೆಟಿವ್ ಒಣಗುತ್ತಲೇ ಇರಲಿಲ್ಲ. ಫಿಲ್ಮಿನ ಮೇಲಿರುವ ಜಿಲೆಟಿನ್ ಅಂದರೆ ಮೂಳೆ, ಚರ್ಮದಿಂದ ತೆಗೆದ ಅಂಟು. ಬೂಷ್ಟಿಗೆ ಅದು ಒಳ್ಳೆ ಆಹಾರ. ಮಡಿ ಉಟ್ಟು ಕುಳಿತ ಅಜ್ಜಿಯರ ಚಿತ್ರವೂ ಅದೇ ಅಂಟಿನ ಮೇಲೇ ಮೂಡುತ್ತಿತ್ತು. ಅದನ್ನು ನಾವು ಯಾರಿಗೂ ಹೇಳುತ್ತಿರಲಿಲ್ಲ.

ನಿಜವಾದ ಗುಟ್ಟು ಡಾರ್ಕ್ ರೂಮಿನಲ್ಲಿ ಇತ್ತು. ಕೆಂಪು ಬಲ್ಬು, ಚಿತ್ರ ಮೂಡಿಸುವ ಡೆವಲಪರ್, ಅದನ್ನು ಅಳಿಯದಂತೆ ನಿಲ್ಲಿಸುವ ಹೈಪೋ. ಹೈಪೋ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಅಂತ ಜಾನ್ ಹರ್ಷೆಲ್ 1819ರಲ್ಲೇ ಕಂಡುಹಿಡಿದಿದ್ದರು. ಅದಿಲ್ಲದೆ ಚಿತ್ರ ನಿಲ್ಲುತ್ತಿರಲಿಲ್ಲ. ಇನ್ನೊಂದು ವಿದ್ಯೆ ಟಚಿಂಗ್. ಪೆನ್ಸಿಲ್ಲಿನ ಸೀಸವನ್ನು ಸೂಜಿಯಷ್ಟು ಚೂಪು ಮಾಡಿ ನೆಗೆಟಿವ್ ಮೇಲೆ ಸಣ್ಣ ಸಣ್ಣ ಚುಕ್ಕಿ ಇಡುವುದು. ಸಿಡುಬಿನ ಕಲೆ ಹೋಗುತ್ತಿತ್ತು. ಕಣ್ಣ ಕೆಳಗಿನ ಕಪ್ಪು ಹೋಗುತ್ತಿತ್ತು. ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿ ಫೋಟೋಕ್ಕೆ ಟಚಿಂಗ್ ಮಾಡಿಸದ ಮನೆಯೇ ಇರಲಿಲ್ಲ ಅನ್ನಬೇಕು. ಫಿಲ್ಟರ್ ಇವತ್ತಿನದ್ದು ಅಂತ ಯಾರು ಹೇಳಿದರು?

ಮತ್ತೊಂದು ಕೆಲಸ ಇತ್ತು, ಅದಕ್ಕೆ ಹೆಚ್ಚು ದುಡ್ಡು ಕೇಳಲು ಮನಸ್ಸು ಬರುತ್ತಿರಲಿಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಅಂತ ಹಿರಿಯರು ನಂಬಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ಯಾವುದೋ ಮದುವೆಯ ಗುಂಪು ಫೋಟೋ ಹಿಡಿದು ಬರುತ್ತಿದ್ದರು. ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಅದನ್ನು ಕಾಪಿ ಮಾಡಿ, ದೊಡ್ಡದು ಮಾಡಿ, ಮುಖದ ಉಳಿದರ್ಧ ಬರೆದು, ಕೋಟು ಶಾಲು ಹೊದಿಸಿ ಕೊಡಬೇಕು. ಹಾರ ಹಾಕಿದ ಎಷ್ಟೋ ಅಪ್ಪಂದಿರು ಬದುಕಿದ್ದಾಗ ಕೋಟು ತೊಟ್ಟವರೇ ಅಲ್ಲ. ದುಡ್ಡು? 'ಅಡಿಕೆ ಮಾರಿದ ಮೇಲೆ ಕೊಡ್ತೀನಿ ಮಾರಾಯ್ರೆ.' ಕೊಡುತ್ತಿದ್ದರು ಅನ್ನಿ. ರೇಟು ಬಿದ್ದ ವರ್ಷ ಮಾತ್ರ ನಮ್ಮ ಲೆಕ್ಕದ ಪುಸ್ತಕವೂ ಅಳುತ್ತಿತ್ತು.

ಈ ನಡುವೆ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಮನೆಮನೆಗೆ ಬಂತು. ಒಂದು ರೋಲಿಗೆ ಹನ್ನೆರಡು ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ಫಿಲ್ಮು ಮಾಡತೊಡಗಿತು. ಇಂದು ಅನ್ನುವ ಹೆಸರಿನ ಆ ಡಬ್ಬಿಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಜನರೇ ಫೋಟೋ ತೆಗೆಯತೊಡಗಿದರು, ಆದರೆ ತೊಳೆಸಲು ನಮ್ಮ ಹತ್ತಿರವೇ ಬಂದರು. ಕಲರ್ ಬಂದಾಗ ಮಾತ್ರ ಡಾರ್ಕ್ ರೂಮಿನ ಗುಟ್ಟು ಲ್ಯಾಬಿನ ಮಷೀನಿಗೆ ಹೋಯಿತು. ನಾವು ರೀಲು ಕಳಿಸುವ ಏಜೆಂಟರಾದೆವು. ದುಡ್ಡಿನ ದೊಡ್ಡ ಪಾಲು ಲ್ಯಾಬಿಗೆ.

ಆಗ ಕಾಪಾಡಿದ್ದು ಸರ್ಕಾರದ ಕಾಗದ. ಹಾಲ್ ಟಿಕೆಟ್, ಬಸ್ ಪಾಸು, ಬ್ಯಾಂಕು, ಪಾಸ್‌ಪೋರ್ಟು, ಎಲ್ಲಕ್ಕೂ ಫೋಟೋ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರ ಗುರುತಿನ ಚೀಟಿ ಬಂತು. ಕಾಡಂಚಿನ ಮನೆಯ ಎಷ್ಟೋ ಅಜ್ಜ ಅಜ್ಜಿಯರು ಮೊದಲ ಸಲ ಕ್ಯಾಮೆರಾ ಮುಂದೆ ಕುಳಿತದ್ದು ಆ ಚೀಟಿಗಾಗಿ. ಆಮೇಲೆ ಗೋಡೆಗೆ ಹೋದದ್ದೂ ಅದೇ ಚಿತ್ರ. 2010ರಿಂದ ಆಧಾರ್ ಬಂತು. ಅಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ಅವರೇ ಫೋಟೋ ತೆಗೆದುಕೊಳ್ಳುತ್ತಾರೆ. ಪಾಸ್‌ಪೋರ್ಟ್ ಕೇಂದ್ರದಲ್ಲೂ ಹಾಗೇ. ಕಾಗದ ಕೊಟ್ಟ ಗಿರಾಕಿಯನ್ನು ಕಾಗದವೇ ವಾಪಸು ತೆಗೆದುಕೊಂಡಿತು.

ಡಿಜಿಟಲ್ ವಿಷಯ ನಿಮಗೇ ಗೊತ್ತು, ಬೇಗ ಮುಗಿಸುತ್ತೇನೆ. 1975ರಲ್ಲಿ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಕೊಡಾಕ್ ಕಂಪನಿಯೊಳಗೇ. ತೂಕ ಮೂರೂವರೆ ಕಿಲೋಗೂ ಜಾಸ್ತಿ, 10,000 ಪಿಕ್ಸೆಲ್, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ರೀಲು ಮಾರುವ ಕಂಪನಿಗೆ ರೀಲೇ ಬೇಡದ ಕ್ಯಾಮೆರಾ ಮೇಲೆ ಮನಸ್ಸು ಎಲ್ಲಿಂದ ಬರಬೇಕು? 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು.

ಈಗ ಉಳಿದದ್ದು ಮದುವೆ. ಮದುವೆಗೂ ಮೊದಲಿನ ಶೂಟು. ಕವಲೇದುರ್ಗ, ಕುಂದಾದ್ರಿ, ಇಕ್ಕೇರಿ ದೇವಸ್ಥಾನದ ಹೊರಗೆ, ಎಲ್ಲ ಕಡೆ ಗೌನು ಹಾಕಿದ ಹುಡುಗಿಯರು. ನನಗೆ ಅದರ ಮೇಲೆ ಸಿಟ್ಟಿಲ್ಲ. ಹಂಸದ ಕೊಳದ ಪರದೆ ಬರೆಸಿದವರು ನಾವೇ. ಆದರೆ ಆಗುಂಬೆ ಘಾಟಿಯಲ್ಲಿ ನಿಂತು ಹೊಗೆ ಡಬ್ಬಿ ಹಚ್ಚಿ ಮಂಜು ಎಬ್ಬಿಸುವವರನ್ನು ಕಂಡರೆ ನಗು ಬರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಅದು. ಸ್ವಲ್ಪ ಕಾದರೆ ಮಂಜು ತಾನೇ ಬರುತ್ತದೆ.

ಕ್ಯಾಮೆರಾ ಎಲ್ಲರ ಜೇಬಲ್ಲಿದೆ. ಎಡಿಟಿಂಗ್ ಅನ್ನು ಫೋನೇ ಮಾಡುತ್ತದೆ. ಹಾಗಾದರೆ ನಮ್ಮ ಹತ್ತಿರ ಇರುವ ಗುಟ್ಟು ಏನು? ನನ್ನ ಪ್ರಕಾರ ಎರಡು. ಒಂದು, ಧಾರೆ ಹೊತ್ತಿನಲ್ಲಿ ಯಾರ ಕಣ್ಣಲ್ಲಿ ನೀರು ಬರುತ್ತದೆ ಅಂತ ಮೊದಲೇ ಗೊತ್ತಿರುವುದು. ಆ ಮನೆಯ ಮೂರು ಮದುವೆ ತೆಗೆದವನಿಗೆ ಮಾತ್ರ ಅದು ಗೊತ್ತು. ಬೆಂಗಳೂರಿನ ತಂಡಕ್ಕೆ ಒಳ್ಳೆಯ ಲೆನ್ಸ್ ಇರಬಹುದು, ದೊಡ್ಡಮ್ಮ ಯಾರು ಅಂತ ಗೊತ್ತಿರುವುದಿಲ್ಲ. ಎರಡನೆಯದು, ಹಳೆಯದನ್ನು ಹುಡುಕಿ ಕೊಡುವುದು. ಜನರ ಫೋನಿನಲ್ಲಿ ಸಾವಿರಾರು ಫೋಟೋ ಇವೆ, ಬೇಕಾದ್ದು ಸಿಗುವುದಿಲ್ಲ. ಫೋನು ಕೆಟ್ಟರೆ ಅದೂ ಇಲ್ಲ. ನಿಮ್ಮ ಅಟ್ಟದಲ್ಲಿ ಐವತ್ತು ವರ್ಷದ ನೆಗೆಟಿವ್ ಇದೆ. ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದ ಊರಿನವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಆ ಮನೆ, ಆ ಅಂಗಳದ ಒಂದು ಚಿತ್ರ ಸಿಕ್ಕರೆ ಅವರು ದರ ಕೇಳುವುದಿಲ್ಲ. ಆದರೆ ನಮ್ಮವರು ಮಾಡಿದ್ದೇನು? ಗಾಜಿನ ಪ್ಲೇಟು ತೊಳೆದು ಫೋಟೋ ಕಟ್ಟಿಗೆ ಬಳಸಿದರು. ಫಿಲ್ಮನ್ನು ಬೆಳ್ಳಿಗಾಗಿ ಗುಜರಿಗೆ ತೂಗಿ ಹಾಕಿದರು. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ನಿಮ್ಮ ಪ್ರಶ್ನೆಗಳು.

ಸಾಗರದಿಂದ ಬಂದ ಒಬ್ಬ ತಂಗಿ ಕೇಳಿದರು: 'ಅಪ್ಪನ ಸ್ಟುಡಿಯೋದ ನೆಗೆಟಿವ್ ಪೆಟ್ಟಿಗೆಗಟ್ಟಲೆ ಇದೆ ಸರ್. ಬೂಷ್ಟು ಹಿಡಿದಿದೆ. ಎಲ್ಲಿಂದ ಶುರು ಮಾಡಲಿ?'

ಈಗ ಮುಟ್ಟಬೇಡಮ್ಮಾ. ಮಳೆ ಬಿಡಲಿ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಪೆಟ್ಟಿಗೆ ತೆಗಿ. ನೀರಿನಲ್ಲಿ ತೊಳೆಯಲು ಹೋಗಬೇಡ, ಬೂಷ್ಟು ತಿಂದ ಜಿಲೆಟಿನ್ ಕರಗಿ ಹೋಗುತ್ತದೆ. ಮೆತ್ತನೆ ಬ್ರಷ್ ಸಾಕು, ಮೂಗಿಗೆ ಮಾಸ್ಕ್ ಹಾಕಿಕೊ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ನಿಲ್ಲಿಸು. ಪ್ರತಿಯೊಂದಕ್ಕೂ ಕಾಗದದ ಕವರ್. ಪ್ಲಾಸ್ಟಿಕ್ ಕವರ್ ನಮ್ಮ ಹವೆಗೆ ಬೇಡ, ಒಳಗೆ ಬೆವರುತ್ತದೆ. ವಿನೆಗರ್ ವಾಸನೆ ಬರುವ ಫಿಲ್ಮು ಇದ್ದರೆ ಬೇರೆ ಇಡು, ಅದು ಕೆಡತೊಡಗಿದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಸ್ಕ್ಯಾನರ್ ಇಲ್ಲದಿದ್ದರೂ ಟ್ಯಾಬ್ಲೆಟ್ಟಿನ ಬಿಳಿ ಪರದೆಯ ಮೇಲೆ, ಒಂದಿಷ್ಟು ಎತ್ತರಕ್ಕೆ ನೆಗೆಟಿವ್ ಇಟ್ಟು ಕ್ಯಾಮೆರಾದಲ್ಲಿ ತೆಗೆದು, ಕಪ್ಪು ಬಿಳುಪು ಅದಲುಬದಲು ಮಾಡಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯ, ಅಪ್ಪನ ಬಿಲ್ ಪುಸ್ತಕ ಎಸೆಯಬೇಡ. ಯಾರ ಫೋಟೋ, ಯಾವ ವರ್ಷ, ಎಲ್ಲ ಅದರಲ್ಲೇ ಇರುವುದು.

ಇನ್ನೊಬ್ಬ ಯುವಕರದ್ದು: 'ನಾನೇ ತೆಗೆದ ಮದುವೆ ಫೋಟೋ ನನ್ನ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದಕ್ಕೆ ಮದುಮಗಳ ಅಣ್ಣ ಜಗಳಕ್ಕೆ ಬಂದ. ಫೋಟೋ ನನ್ನದಲ್ವಾ?'

ಇಲ್ಲಿ ಬಹಳ ಜನ ತಪ್ಪು ತಿಳಿದಿದ್ದೀರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ. ನೀವಾಗಿಯೇ ಮಂಡಗದ್ದೆಗೆ ಹೋಗಿ ಬೆಳ್ಳಕ್ಕಿ ತೆಗೆದರೆ ಅದು ನಿಮ್ಮದು, ಬದುಕಿರುವವರೆಗೂ, ಆಮೇಲೆ 60 ವರ್ಷವೂ. ಮದುವೆ ಆಲ್ಬಮ್ ಹಾಗಲ್ಲ. ಜಗಳ ಬೇಡ ಅಂದರೆ ಆರ್ಡರ್ ಫಾರ್ಮಿನಲ್ಲಿ ಎರಡು ಸಾಲು ಸೇರಿಸಿ: ಯಾವ ಫೋಟೋ ಎಲ್ಲಿ ಹಾಕಬಹುದು, ಎಷ್ಟು ವರ್ಷ ಫೈಲು ಇಟ್ಟಿರುತ್ತೇವೆ. ಸಹಿಯನ್ನು ಮುಂಗಡ ತೆಗೆದುಕೊಳ್ಳುವ ದಿನವೇ ಹಾಕಿಸಿಕೊಳ್ಳಿ. ಆಲ್ಬಮ್ ಕೊಡುವ ದಿನ ಯಾರೂ ಸಹಿ ಹಾಕುವುದಿಲ್ಲ, ಬಾಕಿ ಕೊಟ್ಟರೇ ಹೆಚ್ಚು.